ನಲವತ್ತೊಂದು ಡಬ್ಬ ತಪ್ಪು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಎಂದಿನಂತೆ ನಾನೇ ಮೊದಲು. ಬೀಗ, ಕಿಟಕಿ, ಫ್ಯಾನು. ಮೇಜಿನ ಮೇಲೆ ಎರಡು ಸ್ಟೀಲ್ ಡಬ್ಬಿ, ನಡುವೆ ಅಂಗಿ ಗುಂಡಿಗಳ ಚೀಲ. ಸ್ಟೋರಿನ ಅಣ್ಣ ಟೀ ತರಲು ಹೋಗಿ ಅರ್ಧ ಗಂಟೆ. ಟೀ ಗಿಡ ನೆಡುತ್ತಿದ್ದಾನೋ ಏನೋ.

ಹೊಸ ಹುಡುಗಿ ಡಬ್ಬಿ ನೋಡಿ, "ಇದೇನ್ ಮೇಡಂ, ಹೊಲಿಗೆ ಕ್ಲಾಸಾ?" ಎಂದಳು. ಓದುವ ಕೆಲಸಕ್ಕೆ ಸೇರಿ ನಾಲ್ಕು ದಿನ ಆಗಿಲ್ಲ, ಬಾಯಿ ಮಾತ್ರ ಪಟಪಟ. ಹೇಳಿಕೊಟ್ಟೆ. ಕಣ್ಣು ಕಾಣದವರಿಗೆ ಪುಸ್ತಕ ಓದಿ ರೆಕಾರ್ಡ್ ಮಾಡುವ ಜಾಗ. ಜನ ನಾಲ್ಕು, ಕೆಲಸ ನಲವತ್ತು. ಎಲ್ಲಾ ಮಾಡುತ್ತೇವೆ ಎಂದು ಕೂತರೆ ಒಂದೂ ಆಗುವುದಿಲ್ಲ. ಹಾಗಾಗಿ ಸೋಮವಾರ ಸೋಮವಾರ ತೂಗುತ್ತೇವೆ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಬಲಗಡೆ ಡಬ್ಬಿಗೆ ಲಾಭದ ಗುಂಡಿ — ಎಷ್ಟು ಜನಕ್ಕೆ, ಎಷ್ಟು ಉಪಯೋಗ. ಎಡಗಡೆಗೆ ಶ್ರಮದ ಗುಂಡಿ. ಒಬ್ಬೊಬ್ಬರೂ ಒಂದರಿಂದ ಐದು. ಆಮೇಲೆ ಲಾಭವನ್ನು ಶ್ರಮದಿಂದ ಭಾಗಿಸುವುದು. ಹೆಚ್ಚು ಬಂದದ್ದು ಮೊದಲು.

"ಪೇಪರ್‌ನಲ್ಲಿ ಬರೆದ್ರೆ ಆಗಲ್ವಾ?"

"ಮೇಷ್ಟ್ರು ಹೇಗೆ ಓದ್ತಾರಮ್ಮ? ಅವರು ಸದ್ದು ಎಣಿಸ್ತಾರೆ."

ನಾಲಿಗೆ ಕಚ್ಚಿಕೊಂಡಳು. ಮೇಷ್ಟ್ರು ಹುಟ್ಟುಕುರುಡರು. ನಾವು ಮುಗಿಸಿದ್ದನ್ನೆಲ್ಲ ಕೊನೆಗೆ ಕೇಳಿ ತಪ್ಪು ಹಿಡಿಯುವುದು ಅವರೇ. ಪಕ್ಕದ ಕೋಣೆಯಲ್ಲಿ ಯಾರು ಚಪ್ಪಲಿ ಬದಲಾಯಿಸಿದರು ಎಂದೂ ಹೇಳಬಲ್ಲರು.

ಇನ್ನೊಂದು ನಿಯಮವನ್ನೂ ಹೇಳಿದೆ: ಯಾವ ಕೆಲಸದಲ್ಲಿ ಯಾರ ಮನಸ್ಸು ಸಿಕ್ಕಿಕೊಂಡಿದೆಯೋ ಅವರು ಗುಂಡಿಯನ್ನು ಕೊನೆಗೆ ಹಾಕಬೇಕು. ಬೇರೆಯವರ ಕೈ ಎಳೆಯಬಾರದು. ನನ್ನ ಅಕ್ಕ ಮಾಡಿದ ನಿಯಮ. ಗುಂಡಿಗಳೂ ಅಕ್ಕನವೇ. ಇಲ್ಲಿ ಹದಿನಾರು ವರ್ಷ ಓದಿದಳು. ನಾನು ಅವಳ ಎಡಿಟರ್. ನನ್ನನ್ನು 'ಕತ್ತರಿ' ಎಂದು ಕರೆಯುತ್ತಿದ್ದಳು. ತೀರಿಹೋಗಿ ಹದಿನಾಲ್ಕು ವರ್ಷ. ಇದ್ದಕ್ಕಿದ್ದ ಹಾಗೆ ಹೋದಳು. ಯಾರಿಗೂ ಸುಳಿವೇ ಇರಲಿಲ್ಲ.

ಯಾರೋ ತಟ್ಟಿದರು. ಮೇಷ್ಟ್ರು ಇರಬೇಕು.

— ಅಲ್ಲ. ಯಾರೂ ಇಲ್ಲ.

ಮಧ್ಯಾಹ್ನ 3.00

ಡೈರೆಕ್ಟರ ಆದೇಶ. 28ರೊಳಗೆ ನೆಲಮಹಡಿ ಖಾಲಿ ಮಾಡಬೇಕು. ಹಿಂದಿನ ಕಟ್ಟಡದ ಮೇಲೆ ಎರಡು ಕೋಣೆ ಕೊಡುತ್ತಾರಂತೆ. "ಬೇಕಾದ್ದು ಮಾತ್ರ ತನ್ನಿ." ಬೇಕಾದ್ದು ಯಾವುದು ಎಂದು ಅವರಿಗೇನು ಗೊತ್ತು. ತೂಗುವವರು ನಾವು.

ಮಾರ್ಚ್ 4, ಮಂಗಳವಾರ. ಸಂಜೆ

ಕಾಲೇಜು ಹುಡುಗಿಯೊಬ್ಬಳ ಫೋನು. ಚರಿತ್ರೆಯ ಪಠ್ಯಪುಸ್ತಕ, ಏಳನೇ ಅಧ್ಯಾಯ. "ಓದ್ತಾ ಓದ್ತಾ ಇರೋವಾಗ ದೂರದಲ್ಲಿ ಯಾರೋ ಬಾಗಿಲು ತಟ್ತಾರೆ ಮೇಡಂ. ಎರಡು ಸಲ. ನಾನು ಮೂರು ಸಲ ಎದ್ದು ಬಾಗಿಲಿಗೆ ಹೋದೆ."

ಅಕ್ಕ ಓದಿದ ಕೊನೆಯ ಪುಸ್ತಕ. ಆ ವರ್ಷ ಮುನ್ನೂರು ಮಕ್ಕಳು ಅದನ್ನೇ ಕೇಳಿ ಪರೀಕ್ಷೆ ಬರೆದರು. ಈಗಲೂ ಕೇಳುತ್ತಾರೆ.

ಮೇಷ್ಟ್ರು ಹೆಡ್‌ಫೋನ್ ಹಾಕಿ ಕೂತರು. ಹತ್ತು ನಿಮಿಷ. ಬೆರಳೆತ್ತಿದರು. "ಇದೆ. ತೀರಾ ಸಣ್ಣಗೆ. ಟಕ್ ಟಕ್."

ಆದರೆ ಇದಕ್ಕೆ ಕಾರಣ ಉಂಟು, ಭೂತ ಗೀತ ಏನೂ ಅಲ್ಲ. ಆಗೆಲ್ಲ ಟೇಪು. ಓದುವಾಗ ತಪ್ಪಾದರೆ ಮೇಜಿನ ಮೇಲೆ ಎರಡು ಸಲ ತಟ್ಟಿ, ವಾಕ್ಯದ ಮೊದಲಿಂದ ಮತ್ತೆ ಓದಬೇಕು. ತಟ್ಟಿದ ಸದ್ದು ಎಡಿಟರಿಗೆ ಗುರುತು — ಇಲ್ಲಿ ತಪ್ಪಿದೆ, ತೆಗೆ, ಮುಂದಿನದನ್ನು ಇಟ್ಟುಕೋ. ಸರಿಯಾದ ಭಾಗಗಳನ್ನಷ್ಟೇ ಬೇರೆ ಟೇಪಿಗೆ ಇಳಿಸಿಕೊಳ್ಳುತ್ತಿದ್ದೆ. ಮೂಲ ಟೇಪು ತಪ್ಪುಗಳ ಸಮೇತ ಡಬ್ಬಕ್ಕೆ. ಇಳಿಸಿಕೊಳ್ಳುವ ಮೊದಲು ಮೂಲ ಟೇಪನ್ನು ಕೆಲವು ದಿನ ಸುರುಳಿ ಸುತ್ತಿಟ್ಟರೂ ಒಂದು ಪದರದ ಜೋರು ಸದ್ದು ಪಕ್ಕದ ಪದರಕ್ಕೆ ಸಣ್ಣಗೆ ಅಂಟಿಕೊಳ್ಳುತ್ತದೆ. ಸದ್ದು ತೆಗೆದರೂ ಅದರ ನೆರಳು ಒಂದು ಸುತ್ತಿನ ಆಚೆ ಉಳಿದುಬಿಡುತ್ತದೆ.

ಹುಡುಗಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. "ಓ, ಹಂಗಾದ್ರೆ ಅದು ಓದಿದವರ ಕೈ," ಎಂದಳು.

ಮಾರ್ಚ್ 5, ಬುಧವಾರ. ಬೆಳಿಗ್ಗೆ 7.30

ಅಮ್ಮನ ಕಣ್ಣು ಹೋಗಿ ಒಂದು ವರ್ಷ. ದಿನವಿಡೀ ಅಕ್ಕನ ದನಿ ಹಾಕಿಕೊಂಡು ಕೂರುತ್ತಾಳೆ. ಕಥೆ, ಪ್ರವಾಸ, ಆರೋಗ್ಯ ಮಾರ್ಗದರ್ಶಿ, ಏನಾದರೂ ಸರಿ. ಇವತ್ತು ಆರಿಸಿಬಿಟ್ಟಳು.

"ಯಾಕಮ್ಮ?"

"ಇವಳು ನಿಮ್ಮಕ್ಕ ಅಲ್ಲ ಕಣೆ ಪುಟ್ಟಿ."

"ಇನ್ಯಾರು ಮತ್ತೆ?"

"ಉಸಿರೇ ತಗೊಳಲ್ಲ. ತಡವರಿಸಲ್ಲ. ನಿಮ್ಮಕ್ಕ ಉಪ್ಪು ಕೊಡು ಅನ್ನೋಕೆ ಮೂರು ಸಲ ಬಾಯಿ ತಪ್ಪೋಳು. ಇದು ಯಾರೋ ರೇಡಿಯೋದವಳು."

ನಗು ಬಂತು. ಉಸಿರು ತೆಗೆದವಳು ನಾನೇ. ನನ್ನ ಕೆಲಸ ಅಷ್ಟು ಚೆನ್ನಾಗಿತ್ತು. ಹೆತ್ತವಳಿಗೇ ಗುರುತು ಸಿಗುತ್ತಿಲ್ಲ.

"ತಪ್ಪು ಓದಿದ್ದೆಲ್ಲ ಎಲ್ಲಿ ಹೋಯ್ತು?" ಎಂದಳು.

ಆಫೀಸಿಗೆ ಹೊತ್ತಾಯಿತು ಎಂದು ಎದ್ದೆ.

ಮಾರ್ಚ್ 7, ಶುಕ್ರವಾರ

ಸ್ಟೋರಿನ ಅಣ್ಣ ಮೆಟ್ಟಿಲ ಕೆಳಗಿನ ಗೂಡು ಖಾಲಿ ಮಾಡಿದ. ತಲೆತುಂಬ ಜೇಡರಬಲೆ. "ಮೇಡಂ, ನಿಮ್ ಅಕ್ಕೋರ ಡಬ್ಬಗಳು. ನಲವತ್ತೊಂದು." ಪ್ರತಿ ಡಬ್ಬದ ಮೇಲೂ ಅವಳ ಕೈಬರಹದಲ್ಲಿ ನಂಬರು. ಅವಳು ಬರೆಯುವ ನಾಲ್ಕು ಯಾವಾಗಲೂ ಕುರ್ಚಿ ತಲೆಕೆಳಗಾದ ಹಾಗೆ.

ಮೂಲ ಟೇಪುಗಳು. ಇಷ್ಟು ವರ್ಷದಲ್ಲಿ ಯಾರೋ ಬಿಸಾಡಿರುತ್ತಾರೆ ಎಂದುಕೊಂಡಿದ್ದೆ. ಎಂದುಕೊಂಡು ನೆಮ್ಮದಿಯಾಗಿದ್ದೆ ಎಂದೂ ಬರೆಯಬೇಕು.

ಹೊಸ ಹುಡುಗಿ ಒಂದು ಸುರುಳಿಯನ್ನು ಹಳೆಯ ಮಷೀನಿಗೆ ಹಾಕಿಯೇಬಿಟ್ಟಳು. ಕೆಲಸ ಮಾಡುವ ಮಷೀನು ಉಳಿದಿರುವುದು ಅದೊಂದೇ. ಮೊದಲ ಡಬ್ಬದ ಟೇಪು, ಅಕ್ಕ ಸೇರಿದ ವರ್ಷದ್ದು. ಒಂದೇ ವಾಕ್ಯವನ್ನು ಐದು ಸಲ ತಪ್ಪಿ, ಐದು ಸಲ ತಟ್ಟಿ, ಕೊನೆಗೆ, "ಕತ್ತರೀ, ಈ ಲೇಖಕನ್ನ ಹಿಡ್ಕೊಂಡು ಬಾ, ಒಂದು ಫುಲ್‌ಸ್ಟಾಪ್ ಕೊಡಿಸ್ತೀನಿ," ಎಂದು ನಗುತ್ತಾಳೆ. ಮೇಷ್ಟ್ರು ಬಿದ್ದುಬಿದ್ದು ನಕ್ಕರು. ಹುಡುಗಿಯೂ. ನಾನು ಮಷೀನು ಆರಿಸಿದೆ.

"ಇದನ್ನ ಕಂಪ್ಯೂಟರಿಗೆ ಹಾಕ್ಬೇಕು ಮೇಡಂ," ಎಂದರು ಮೇಷ್ಟ್ರು. "ಹೊಸದಾಗಿ ಓದೋರಿಗೆ ಇದಕ್ಕಿಂತ ಪಾಠ ಬೇಕಾ? ಸರಿಯಾಗಿ ಓದಿದ್ದು ಎಲ್ಲಾ ಕಡೆ ಸಿಗತ್ತೆ. ತಪ್ಪಿದ ಮೇಲೆ ಹೇಗೆ ವಾಪಸ್ ಬರ್ಬೇಕು ಅನ್ನೋದು ಎಲ್ಲಿ ಸಿಗತ್ತೆ?"

"ಸೋಮವಾರ ತೂಗೋಣ," ಎಂದೆ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ 12.40

ತೂಗಿದೆವು. ಹದಿನೆಂಟು ಚೀಟಿ.

ಪರೀಕ್ಷೆಯ ಪುಸ್ತಕ ಎರಡು — ಮೊದಲು. ರೆಕಾರ್ಡಿಂಗ್ ಬೂತಿನ ಬಾಗಿಲು ಕಿರ್ರೆನ್ನುವುದಕ್ಕೆ ಎಣ್ಣೆ — ತಲಾ ಶ್ರಮ ಒಂದು, ಲಾಭ ನಾಲ್ಕು, ಸ್ಟೋರಿನ ಅಣ್ಣ ಅಲ್ಲೇ ಎದ್ದು ಮುಗಿಸಿಬಂದ. ಬ್ರೈಲ್ ಪಟ್ಟಿ ಹೊಸದು ಮಾಡುವುದು — ಮುಂದಿನ ತಿಂಗಳಿಗೆ. ಹೀಗೇ ಸರಾಗವಾಗಿ ಸಾಗಿತ್ತು.

ಹದಿನೇಳನೆಯದು: ಅಕ್ಕನ ಮೂಲ ಟೇಪುಗಳ ನಕಲು. ಇನ್ನೂರಕ್ಕೂ ಹೆಚ್ಚು ಗಂಟೆ. ಟೇಪು ಓಡಿದಷ್ಟು ಹೊತ್ತು ಯಾರಾದರೂ ಪಕ್ಕ ಕೂರಬೇಕು. ಉಳಿದಿರುವ ದಿನ ಹದಿನೆಂಟು, ಮಷೀನು ಒಂದು. ಹುಡುಗಿ ಚೀಟಿ ಓದಿ ಮುಗಿಸುವುದರೊಳಗೆ ನನ್ನ ಕೈ ಚೀಲದಲ್ಲಿತ್ತು. ಬಲಗಡೆ ಒಂದು. ಎಡಗಡೆ ಐದು. ಟಣ್. ಟಣ್ ಟಣ್ ಟಣ್ ಟಣ್ ಟಣ್.

ಮೇಷ್ಟ್ರು ಮುಖ ನನ್ನ ಕಡೆ ತಿರುಗಿಸಿ, "ನೀವು ಮೊದಲು ಹಾಕಿದ್ರಿ ಮೇಡಂ," ಎಂದರು.

"ನನ್ನ ಅಕ್ಕಂದು ಅಂತ ನೀವು ದಾಕ್ಷಿಣ್ಯಕ್ಕೆ ಜಾಸ್ತಿ ಹಾಕ್ಬಾರ್ದು. ಅದಕ್ಕೇ."

ಅವರು ಲಾಭಕ್ಕೆ ನಾಲ್ಕು ಹಾಕಿದರು. ಹುಡುಗಿ ಕೈಯಲ್ಲಿ ಮೂರು ಹಿಡಿದಿದ್ದವಳು ನನ್ನ ಮುಖ ನೋಡಿ ಒಂದನ್ನು ಚೀಲಕ್ಕೆ ವಾಪಸ್ ಹಾಕಿದಳು. ಸ್ಟೋರಿನ ಅಣ್ಣ, "ಮೇಡಂ ಹೇಳಿದ್ಮೇಲೆ ಮುಗೀತು," ಎಂದು ಒಂದು.

"ಹಂಗಾದ್ರೆ ತುಂಡು ಮಾಡಿ," ಎಂದರು ಮೇಷ್ಟ್ರು. "ಎಲ್ಲಾ ಬೇಡ. ಮೊದಲ ಒಂದು ಡಬ್ಬ, ಕೊನೆಯ ಎರಡು. ಹತ್ತು ಹನ್ನೊಂದು ಗಂಟೆ ಕೆಲ್ಸ. ದೊಡ್ಡ ಕೆಲ್ಸ ತುಂಡು ಮಾಡಿ ಅಂತ ದಿನಾ ತಲೆ ತಿನ್ನೋರು ನೀವೇ ಅಲ್ವಾ?"

"ಇಟ್ರೆ ಎಲ್ಲಾ ಇಡ್ಬೇಕು. ಇಲ್ಲಾಂದ್ರೆ ಒಂದೂ ಬೇಡ," ಎಂದೆ.

ಎಂಥ ಮಾತು. ಇಷ್ಟು ವರ್ಷದಲ್ಲಿ ಯಾವ ಚೀಟಿಗೂ ನಾನು ಹೀಗೆ ಹೇಳಿದ್ದಿಲ್ಲ. ಚೀಟಿ ಕೊನೆಯ ಸಾಲಿಗೆ ಹೋಯಿತು. ಕೊನೆಯ ಸಾಲು ಎಂದರೆ 28ರ ಗುಜರಿ ಲಾರಿ.

ನ್ಯಾಯವಾಗಿಯೇ ತೂಗಿದ್ದೇನೆ. ಸ್ವಂತ ಅಕ್ಕ ಎಂದು ಒಂದು ಗುಂಡಿಯನ್ನೂ ಹೆಚ್ಚು ಹಾಕಲಿಲ್ಲ.

ಬೂತಿನಲ್ಲಿ ತಟ್ಟಿದ ಸದ್ದು. ಹುಡುಗಿ ಊಟಕ್ಕೆ ಹೋಗಿದ್ದಾಳೆ. ಬೂತು ಖಾಲಿ. ಹೋಗಿ ನೋಡಿದೆ. ಮೇಜು, ಮೈಕು, ಕುರ್ಚಿ. ಎಣ್ಣೆ ಹಾಕಿದ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಮಾರ್ಚ್ 11, ಮಂಗಳವಾರ

ಏನಿಲ್ಲ. ಕೆಲಸ.

ಮಾರ್ಚ್ 18, ಮಂಗಳವಾರ. ಸಂಜೆ 5.15

ಒಂದು ವಾರ ಬರೆದಿಲ್ಲ. ಬರೆಯಲು ಕೂತರೆ ಕಿವಿ ನಿಮಿರುತ್ತದೆ. ಎಲ್ಲಿಂದ ಬರುತ್ತದೋ ಎಂದು ಕಾಯುವುದೇ ಕೆಲಸ. ಬಸ್ಸಿನಲ್ಲಿ ಯಾರೋ ಕಂಬಿಗೆ ಉಂಗುರ ತಟ್ಟಿದರೂ ಬೆವರು.

ಇವತ್ತು ಮೇಷ್ಟ್ರೇ ಕೇಳಿದರು. "ಎರಡನೇ ಬೂತಲ್ಲಿ ಯಾರು ಮೇಡಂ, ಆಗಾಗ ತಟ್ಟೋರು?"

"ನಿಮಗೂ ಕೇಳಿಸ್ತಾ?"

"ಕೇಳಿಸ್ದೆ ಏನು. ಆದ್ರೆ ಒಂದು ವಿಚಿತ್ರ. ತಟ್ಟಿದ ಮೇಲೆ ಯಾರೂ ಓದಲ್ಲ. ತಟ್ಟಿದ್ರೆ ಮತ್ತೆ ಓದ್ಬೇಕಲ್ಲ."

ಪೈಪು ಇರಬೇಕು, ಬಿಸಿಲಿಗೆ ಹಿಗ್ಗುತ್ತದೆ ಎಂದೆ. ಅವರು ಹೂಂ ಎಂದರು. ನಂಬಿದ ಹೂಂ ಅಲ್ಲ.

ಟೀ ಕುಡಿಯುತ್ತಾ ತಾವಾಗಿಯೇ ಅಕ್ಕನ ಮಾತೆತ್ತಿದರು. "ಅವರ ಕೊನೆ ಪುಸ್ತಕ ನನ್ನ ಮೊದಲನೇ ಕೆಲ್ಸ. ಆಗ ನಾನಿನ್ನೂ ಇಲ್ಲಿಗೆ ಬರ್ತಿರ್ಲಿಲ್ಲ, ಮನೇಲೇ ಕೂತು ಪೂರ್ತಿ ಕೇಳಿದ್ದೆ. ಗಟ್ಟಿಮುಟ್ಟಾದ ಹೆಂಗಸಿನ ದನಿ. ಆಮೇಲೆ ಮೂರು ತಿಂಗಳಿಗೆ ಹೋಗ್ಬಿಟ್ರು ಅಂದಾಗ ನಂಗೆ ನನ್ನ ಕಿವಿ ಮೇಲೇ ನಂಬಿಕೆ ಹೋಯ್ತು. ಶ್ವಾಸಕೋಶ ಅಂದ್ರು. ನಮ್ಮಪ್ಪಂದೂ ಅದೇ. ಆ ಕೆಮ್ಮು ನಾನು ನಿದ್ದೇಲೂ ಗುರ್ತು ಹಿಡೀತೀನಿ. ಒಂದೇ ಒಂದು ಸಲ ಕೇಳಿದ್ರೂ ಹೇಳಿರ್ತಿದ್ದೆ — ಮೊದಲು ಡಾಕ್ಟ್ರ ಹತ್ರ ಹೋಗಿ ಅಂತ. ಒಂದು ಸಲನೂ ಕೆಮ್ಮಲಿಲ್ವಲ್ಲ ಅವರು."

ಟೀ ಲೋಟ ಕೆಳಗಿಡುವಾಗ ಎರಡು ಸಲ ಮೇಜಿಗೆ ತಾಗಿತು. ಮೇಷ್ಟ್ರು ತಲೆ ಎತ್ತಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಮಾರ್ಚ್ 24, ಸೋಮವಾರ. ಬೆಳಿಗ್ಗೆ

ಅಮ್ಮ ಮತ್ತೆ ಹಿಡಿದುಕೊಂಡಳು. ಎಲ್ಲಿಂದಲೋ ವಾಸನೆ ಹಿಡಿದಿದ್ದಾಳೆ. ಅಲ್ಲ, ಎಲ್ಲಿಂದಲೋ ಏನು — ಸ್ಟೋರಿನ ಅಣ್ಣ ಮನೆಗೆ ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಆ ಮನುಷ್ಯನ ಬಾಯಿಗೆ ಬಾಗಿಲೇ ಇಲ್ಲ.

"ನಲವತ್ತೊಂದು ಡಬ್ಬ ಇದ್ಯಂತೆ. ತಪ್ಪು ಓದಿದ್ದು."

"ಹಳೇ ಟೇಪು ಅಮ್ಮ. ಹಾಳಾಗಿರತ್ತೆ."

"ಹಾಳಾಗಿರೋದೇ ಕೇಳಿಸು. ನನಗೇನು ಪರೀಕ್ಷೆ ಇದ್ಯಾ? ಅವಳು ನಕ್ಕಿದ್ದು, ಗೊಣಗಿದ್ದು, ಅಷ್ಟು ಸಾಕು." ಆಮೇಲೆ, "ಭಾನುವಾರ ಭಾನುವಾರ ಇಲ್ಲಿಗೆ ಬಂದು ಹೋಗೋಳು. ಒಂದು ದಿನನೂ ಕೆಮ್ಮಿದ್ದು ನಾ ಕಾಣೆ. ನನ್ನ ಮುಂದೆ ತಡ್ಕೊಂಡಿದ್ಲು ಅನ್ಸತ್ತೆ. ಗಂಟೆಗಟ್ಲೆ ಓದೋವಾಗ ಎಲ್ಲಿ ತಡ್ಕೊಳಕ್ಕಾಗತ್ತೆ ಹೇಳು. ಅಲ್ಲೇನಾದ್ರೂ ಕೆಮ್ತಿದ್ಲಾ?"

"ಗೊತ್ತಿಲ್ಲಮ್ಮ."

ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಟಕ್ ಟಕ್. ಅಮ್ಮನ ಕೋಲು ಎಂದುಕೊಂಡೆ. ತಿರುಗಿ ನೋಡಿದೆ. ಕೋಲು ಬಾಗಿಲ ಪಕ್ಕ ನನ್ನ ಮುಂದೆಯೇ ಒರಗಿತ್ತು.

ಮಾರ್ಚ್ 27, ಗುರುವಾರ. ಮಧ್ಯಾಹ್ನ 1.20

ಎಲ್ಲರೂ ಊಟಕ್ಕೆ. ಡಬ್ಬಗಳು ವರಾಂಡದಲ್ಲಿ ಸಾಲಾಗಿ. ನಾಳೆ ಹತ್ತಕ್ಕೆ ಲಾರಿ.

ಹಳೆಯ ಎಡಿಟಿಂಗ್ ಪುಸ್ತಕ ತೆಗೆದೆ. ಎಲ್ಲಿ ಏನು ತೆಗೆದೆ ಎಂದು ಬರೆದಿಡುತ್ತಿದ್ದೆ, ಆ ಕಾಲಕ್ಕೆ ನನ್ನಷ್ಟು ಅಚ್ಚುಕಟ್ಟು ಇನ್ನೊಬ್ಬರಿಲ್ಲ. ಚರಿತ್ರೆ ಪುಸ್ತಕ. ಒಂದನೇ ಅಧ್ಯಾಯ: ಬಾಯಿತಪ್ಪು 14, ಕೆಮ್ಮು 3. ನಾಲ್ಕು: ಬಾಯಿತಪ್ಪು 11, ಕೆಮ್ಮು 19. ಏಳು: ಬಾಯಿತಪ್ಪು 12, ಕೆಮ್ಮು 46. ಒಂಬತ್ತು: ಕೆಮ್ಮು 71. ಕೆಳಗೆ ನನ್ನದೇ ಅಕ್ಷರ — 'ಒಂದು ಗಂಟೆ ಓದಿಗೆ ಐದು ಗಂಟೆ ಎಡಿಟಿಂಗ್. ಶ್ರಮ ಹೆಚ್ಚಾಗುತ್ತಿದೆ.'

ಶ್ರಮ ಹೆಚ್ಚಾಗುತ್ತಿದೆ. ಯಾರ ಶ್ರಮ?

ಮೇಷ್ಟ್ರ ಕಿವಿಗೆ ಒಂದೇ ಒಂದು ಕೆಮ್ಮು ಬಿದ್ದಿದ್ದರೆ ಸಾಕಿತ್ತು. ಒಂದೂ ಬೀಳದ ಹಾಗೆ ನೋಡಿಕೊಂಡೆ. ಅಷ್ಟು ಕೈಚಳಕ.

ಆದರೆ ಆಗ ನನಗೇನು ಗೊತ್ತು. ಹಳೇ ಪುಸ್ತಕದ ಧೂಳು ಎಂದುಕೊಂಡೆ. ಬೂತಿನಲ್ಲಿ ಗಾಳಿ ಆಡುವುದಿಲ್ಲ, ಯಾರಿಗಾದರೂ ಕೆಮ್ಮು ಬರುತ್ತ

ಟಕ್ ಟಕ್. ಈ ಮೇಜಿನಲ್ಲೇ. ನನ್ನ ಮೊಣಕೈ ಪಕ್ಕದಲ್ಲೇ.

ಮಾರ್ಚ್ 28, ಶುಕ್ರವಾರ. ಸಂಜೆ 4.00

ಹಿಂದಿನ ಕಟ್ಟಡದ ಮೇಲಿನ ಕೋಣೆಯಿಂದ ಬರೆಯುತ್ತಿದ್ದೇನೆ. ಸಾಮಾನೆಲ್ಲ ಮೇಲೆ ಬಂತು. ಬೇಕಾದದ್ದು.

ಬೆಳಿಗ್ಗೆ ಬೇಕೆಂದೇ ತಡವಾಗಿ ಹೊರಟೆ. ಬಸ್ ಇಳಿಯುವ ಹೊತ್ತಿಗೆ ಅದೇನಾಯಿತೋ, ಕಾಲು ಓಡಲು ಶುರುಮಾಡಿತು. ಐವತ್ತೆರಡು ವಯಸ್ಸಿನ ಹೆಂಗಸು ಬ್ಯಾಗು ಎದೆಗವಚಿಕೊಂಡು ರಸ್ತೆಯಲ್ಲಿ ಓಡುವುದನ್ನು ಜನ ನಿಂತು ನೋಡಿದರು. ಗೇಟಿಗೆ ಬಂದಾಗ ಹತ್ತೂ ಇಪ್ಪತ್ತು. ಲಾರಿ ಹೋಗಿ ಐದು ನಿಮಿಷವಾಗಿತ್ತು. ವರಾಂಡದ ನೆಲದ ಮೇಲೆ ಡಬ್ಬಗಳ ಚೌಕ ಚೌಕ ಗುರುತು. ಸುತ್ತ ಧೂಳು, ನಡುವೆ ಸ್ವಚ್ಛ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಬೇಕು ಎಂದು ಅತ್ತೆನೋ, ಹೋಯಿತಲ್ಲ ಸದ್ಯ ಎಂದು ಅತ್ತೆನೋ — ದೇವರಾಣೆ ಗೊತ್ತಿಲ್ಲ.

ಸ್ಟೋರಿನ ಅಣ್ಣ ಬಂದು ಪಕ್ಕ ನಿಂತ. ಕೈಯಲ್ಲಿ ಒಂದು ಡಬ್ಬ. "ಇದೊಂದು ಕಳ್ಸಿಲ್ಲ ಮೇಡಂ. ಬೈಬೇಡಿ. ಇದರ ಮೇಲೆ ನಿಮ್ ಹೆಸ್ರಿತ್ತು."

ನಲವತ್ತೊಂದು. ನಂಬರಿನ ಕೆಳಗೆ ಪೆನ್ಸಿಲಿನಲ್ಲಿ: 'ಕತ್ತರಿಗೆ.'

ಉಳಿದ ಡಬ್ಬಗಳಲ್ಲಿ ಐದೈದು ಸುರುಳಿ. ಇದರಲ್ಲಿ ಒಂದೇ ಒಂದು, ಬೇರೆ ಮಾಡಿ ಎತ್ತಿಟ್ಟದ್ದು.

"ನಿಮ್ಮನ್ನ ಹಾಗೆ ಕರೀತಿದ್ದೋರು ಅವರೊಬ್ರೇ ಅಲ್ವಾ," ಎಂದ. ಇಷ್ಟು ವರ್ಷವೂ ಈತನ ಬಾಯಿಗೆ ಬೈದಿದ್ದೇನೆ. ಇವತ್ತು ಎರಡೂ ಕೈಯಲ್ಲಿ ಡಬ್ಬ ತೆಗೆದುಕೊಂಡೆ. ಮಷೀನನ್ನು ಮನೆಗೆ ಒಯ್ಯಲು ಆಟೋ ತರಲು ಅವನೇ ಹೋಗಿದ್ದಾನೆ.

ಮಾರ್ಚ್ 29, ಶನಿವಾರ

ಹಾಕಲಿಲ್ಲ. ಅಮ್ಮ ಎರಡು ಸಲ ಮಷೀನಿನ ಮೇಲೆ ಕೈಯಾಡಿಸಿ ಹೋದಳು.

ಕತ್ತರಿಸಿ ಕೇಳಿಸಬಹುದು. ನಗು ಇಟ್ಟು, ಗೊಣಗಾಟ ಇಟ್ಟು, ಉಳಿದದ್ದು ತೆಗೆದರೆ ಅರ್ಧ ದಿನದ ಕೆಲಸ. ಶ್ರಮ ಎರಡು. ಲಾಭ ಐದು. ಅಮ್ಮನಿಗೆ ನೆಮ್ಮದಿ, ನನಗೂ. ಲೆಕ್ಕ ಎಷ್ಟು ಸಲೀಸಾಗಿ ಬರುತ್ತದೆ ನನಗೆ.

ಮಾರ್ಚ್ 30, ಭಾನುವಾರ. ಬೆಳಿಗ್ಗೆ 11.30

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮ ಹೊರಗೆ ಕೋಣೆಯಲ್ಲಿ, ಮಷೀನಿನ ಪಕ್ಕ.

ಹಾಕಿದೆ. ಕತ್ತರಿಸದೆ. ಅಮ್ಮ ಕೈಯನ್ನು ಮಷೀನಿನ ಮೇಲೆ ಇಟ್ಟುಕೊಂಡೇ ಕೇಳಿದಳು. ಅಕ್ಕ ಮೊದಲ ವಾಕ್ಯವನ್ನೇ ತಪ್ಪಿ, ತಟ್ಟಿ, "ಥೂ ನನ್ನ," ಎಂದಳು. ಅಮ್ಮನ ಮುಖ ಅರಳಿತು. "ಇವಳು ನೋಡು. ಇವಳು ನನ್ನ ಮಗಳು." ಉಸಿರು ಎಳೆದುಕೊಳ್ಳುವ ಸದ್ದಿಗೂ ತಲೆ ಆಡಿಸಿದಳು. ಆಮೇಲೆ ಕೆಮ್ಮು. ಮೊದಲು ಒಂದು. ಆಮೇಲೆ ಬಿಡುವಿಲ್ಲದೆ. ಅಮ್ಮನ ಕೈ ಮಷೀನಿನಿಂದ ಜಾರಿ ಮಡಿಲಿಗೆ ಬಂತು.

ಹತ್ತೊಂಬತ್ತನೇ ನಿಮಿಷ. ಕೆಮ್ಮಿ ಸುಸ್ತಾಗಿ ಓದು ನಿಲ್ಲಿಸುತ್ತಾಳೆ. ನೀರು ಕುಡಿಯುವ ಸದ್ದು. ಆಮೇಲೆ ಮೈಕಿಗೆ ಹತ್ತಿರ ಬಂದು, ಮೆಲ್ಲಗೆ — "ಕತ್ತರೀ. ಇದನ್ನ ತೆಗ್ದುಬಿಡು. ಇವತ್ತು ಕರ್ಚೀಫು ಕೆಂಪಾಯ್ತು. ಅಮ್ಮನಿಗೆ ಹೇಳ್ಬೇಡ. ಇನ್ನು ಮೂರು ಅಧ್ಯಾಯ ಇದೆ, ಪಾಪ ಆ ಮಕ್ಕಳು ಕಾಯ್ತಿದಾರೆ. ನಾನಾಗೇ ನಿಲ್ಸೋಕೆ ನನಗಾಗಲ್ಲ ಕಣೆ. ನಿಲ್ಸಬೇಕು ಅಂತ ನಿನಗನ್ಸಿದ್ರೆ, ಬಂದು ನಿಲ್ಲಿಸ್ಬಿಡು. ಬೈದಾದ್ರೂ ನಿಲ್ಸು. ನೀನು ಹೇಳಿದ್ರೆ ಎದ್ದು ಬರ್ತೀನಿ." ಎರಡು ತಟ್ಟು. ವಾಕ್ಯದ ಮೊದಲಿಂದ ಮತ್ತೆ ಓದು.

ಟೇಪು ಮುಗಿದು ತುದಿ ಪಟಪಟ ಬಡಿದುಕೊಳ್ಳುತ್ತಿತ್ತು. ಆರಿಸಿದೆ. ಅಮ್ಮ ಕೇಳಿದಳು. ಕೋಪದ ದನಿಯಲ್ಲ.

"ಪುಟ್ಟಿ. ಇದನ್ನ ನೀನು ಆಗ್ಲೇ ಕೇಳಿದ್ದಾ?"

"ಇಲ್ಲಮ್ಮ. ಈ ಡಬ್ಬ ನನ್ನ ಕೈಗೇ ಬಂದಿರ್ಲಿಲ್ಲ. ಇವತ್ತೇ ಮೊದಲು."

ಟಕ್ ಟಕ್.

ಮಷೀನು ಆರಿತ್ತು. ಅಮ್ಮನ ಕೈ ಮಡಿಲಲ್ಲಿತ್ತು. ನನ್ನವೂ.

"ಯಾರೋ ತಟ್ಟಿದ್ರು ನೋಡು," ಎಂದಳು ಅಮ್ಮ.

ಎದ್ದು ಇಲ್ಲಿಗೆ ಬಂದೆ. ಬಾಗಿಲಿಗೆ ಹೋಗಲಿಲ್ಲ. ಬಾಗಿಲಲ್ಲಿ ಯಾರೂ ಇಲ್ಲವೆಂದು ಗೊತ್ತು. ಈ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ಸದ್ದು ಬಂದ ಒಂದೊಂದು ದಿನವೂ ಅದಕ್ಕೆ ಹಿಂದಿನ ವಾಕ್ಯ ಯಾವುದು ಎಂದು. ಯಾರಿಗೂ ಸುಳಿವೇ ಇರಲಿಲ್ಲ. ನ್ಯಾಯವಾಗಿಯೇ ತೂಗಿದ್ದೇನೆ. ಗೊತ್ತಿಲ್ಲಮ್ಮ. ಧೂಳು ಎಂದುಕೊಂಡೆ. ಪೈಪೂ ಅಲ್ಲ, ಕೋಲೂ ಅಲ್ಲ. ಅವಳು ಗುರುತು ಹಾಕುತ್ತಿದ್ದಾಳೆ. ಇಲ್ಲಿ ತಪ್ಪಿದೆ, ಕತ್ತರೀ.

ಅಮ್ಮ ಕಾಯುತ್ತಿದ್ದಾಳೆ. ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದುಕೊಂಡು ಹೋಗಿ ಓದುತ್ತೇನೆ. ಬಾಯಿಯಿಂದ ನೇರ ಬರುವುದಿಲ್ಲ.

ಅಮ್ಮ, ಆ ಟೇಪು ಆಗ ಬಂದಿತ್ತು, ಆದರೆ ನಾನು ಪೂರ್ತಿ ಕೇಳಿರಲಿಲ್ಲ.

ಟಕ್ ಟಕ್.

ಅಮ್ಮ, ಆ ಟೇಪು ಕೇಳಿದ್ದೆ, ಆದರೆ ನಿನಗೆ ಹೇಳಬೇಡ ಎಂದು ಅವಳೇ ಹೇಳಿದ್ದರಿಂದ

ಟಕ್ ಟಕ್.

ಆಯಿತು ಅಕ್ಕ. ವಾಕ್ಯದ ಮೊದಲಿಂದ.

ಅಮ್ಮ, ಆ ಟೇಪು ಅವತ್ತೇ ಕೇಳಿದೆ. ಬಂದು ನಿಲ್ಲಿಸು ಎಂದದ್ದನ್ನೂ ಕೇಳಿದೆ. ಅವಳು ಗೋಡೆಯ ಆಚೆ ಎರಡನೇ ಬೂತಿನಲ್ಲೇ ಓದುತ್ತಿದ್ದಳು, ಎದ್ದು ಹೋದರೆ ಹನ್ನೆರಡು ಹೆಜ್ಜೆ. ಹೋಗಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು, ಆ ಎರಡು ಡಬ್ಬಿಗಳನ್ನು ಮುಂದೆ ಇಟ್ಟುಕೊಂಡು, ನಾನೊಬ್ಬಳೇ ಗುಂಡಿ ಹಾಕಿದೆ. ಮುನ್ನೂರು ಮಕ್ಕಳ ಪರೀಕ್ಷೆಗೆ ಐದು. ಅಕ್ಕನಿಗೆ ಒಂದು.

ಈ ಸಲ ತಟ್ಟಿದ ಸದ್ದಿಲ್ಲ.